ಎವರೆಸ್ಟಿಗೂ ಮುತ್ತಿಗೆಯೇ ಹಾಕಬೇಕು

ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಬರಿಗೈಲಿ ಏರುವ ಜ್ಯೋತಿರಾಜ್ ಅವರನ್ನು ನೋಡಿದವರಿಗೆ ‘ಇವರಿಗೆ ಎವರೆಸ್ಟ್ ಯಾವ ಲೆಕ್ಕ’ ಅನ್ನಿಸುವುದು ಸಹಜ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರ ಮೊಬೈಲಿಗೂ ಈಗ ‘ದುಡ್ಡು ಕಟ್ಟಿ, ಹಿಮಾಲಯ ಹತ್ತಿಸುತ್ತೇವೆ’ ಎಂಬ ಜಾಹೀರಾತುಗಳು ಬರುತ್ತವೆ. ಈ ಹತ್ತಿಸುವ ಕೆಲಸಕ್ಕೆ ಒಂದು ಇತಿಹಾಸವಿದೆ. ದುರ್ಗದವರಿಗೆ ಅದು ಬೇಗ ಅರ್ಥವಾಗುತ್ತದೆ.

ಹೈದರಾಲಿ ನಮ್ಮ ಏಳು ಸುತ್ತಿನ ಕೋಟೆಯನ್ನು ಒಂದೇ ಏಟಿಗೆ ಗೆಲ್ಲಲಿಲ್ಲ. ಬಂದ, ಹಿಂದೆ ಸರಿದ, ಮತ್ತೆ ಬಂದ. ಕೋಟೆ ಕೈಗೆ ಸಿಕ್ಕಿದ್ದು 1779ರಲ್ಲಿ. ಪರ್ವತಾರೋಹಿಗಳು ಕೂಡ ತಮ್ಮ ಹಳೆಯ ಪದ್ಧತಿಯನ್ನು ‘ಮುತ್ತಿಗೆ’ ಎಂದೇ ಕರೆಯುತ್ತಾರೆ.

1953ರ ಬ್ರಿಟಿಷ್ ತಂಡದ ನಾಯಕ ಜಾನ್ ಹಂಟ್ ಸೇನೆಯ ಕರ್ನಲ್. 350ಕ್ಕೂ ಹೆಚ್ಚು ಕೂಲಿಗಳು ಸಾಮಾನು ಹೊತ್ತರು. ಒಂದರ ಮೇಲೊಂದು ಕ್ಯಾಂಪ್ ಹಾಕಿ, ಊಟ, ಡೇರೆ, ಆಮ್ಲಜನಕ ಮೇಲೆ ಸಾಗಿಸಿದರು. ಮೊದಲು ಹೊರಟ ಜೋಡಿ ತುದಿಗೆ ಸುಮಾರು 300 ಅಡಿ ಇರುವಾಗ ವಾಪಸಾಯಿತು. ಮೂರು ದಿನದ ನಂತರ, ಮೇ 29ರಂದು, ತೇನ್‌ಸಿಂಗ್ ಮತ್ತು ಹಿಲರಿ ತುದಿ ಮುಟ್ಟಿದರು.

ಭಾರತದ ತಂಡಗಳು 1960 ಮತ್ತು 1962ರಲ್ಲಿ ಕೆಲವೇ ನೂರು ಅಡಿ ಬಾಕಿ ಇರುವಾಗ ಹಿಂತಿರುಗಿದವು. 1965ರಲ್ಲಿ ನೌಕಾಪಡೆಯ ಎಂ.ಎಸ್. ಕೊಹ್ಲಿ 21 ಸದಸ್ಯರು, 50 ಶೆರ್ಪಾಗಳನ್ನು ಕರೆದುಕೊಂಡು ಹೋದರು. ಏಪ್ರಿಲ್ ಕೊನೆಗೆ ಹವಾಮಾನ ಕೆಟ್ಟಿತು. ಎಲ್ಲರೂ ಕೆಳಗಿಳಿದು ಎರಡು ವಾರ ಸುಮ್ಮನೆ ಕಾದರು. ಮೇ 20ರಿಂದ 29ರೊಳಗೆ ಒಂಬತ್ತು ಜನ ಶಿಖರ ಏರಿದರು. ನಮಗೆ ಆ ಎರಡು ವಾರದ ಕಾಯುವಿಕೆಯೇ ದೊಡ್ಡ ಸಾಹಸವಾಗಿ ಕಾಣುತ್ತದೆ.

ಕಾಯಬೇಕಾದದ್ದು ಮೋಡ ಸರಿಯಲಿ ಅಂತ ಮಾತ್ರ ಅಲ್ಲ. 8,848 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಒಂದರಷ್ಟು. ಮೇಲೆ ಹತ್ತಿ, ಕೆಳಗೆ ಬಂದು ಮಲಗಿ, ಮತ್ತೆ ಹತ್ತಿ ಮೈ ಒಗ್ಗಿಸಬೇಕು. ಬೆರಳಿನ ಬಲ ಎಷ್ಟಿದ್ದರೂ ಇದಕ್ಕೆ ಅಡ್ಡದಾರಿ ಇಲ್ಲ.

1985ರಲ್ಲಿ ಕತೆ ತಿರುಗಿತು. ಅಮೆರಿಕದ ಶ್ರೀಮಂತ ಡಿಕ್ ಬಾಸ್, 55ನೇ ವಯಸ್ಸಿನಲ್ಲಿ, ನುರಿತ ಆರೋಹಿ ಡೇವಿಡ್ ಬ್ರೀಶಿಯರ್ಸ್ ಜೊತೆ ಎವರೆಸ್ಟ್ ಏರಿದರು. 1990ರ ದಶಕದಲ್ಲಿ ಕಂಪನಿಗಳು ಹುಟ್ಟಿದವು. ಹಿಂದಿನ ತಂಡದವ ಹೊರೆಯಲ್ಲೂ ತೀರ್ಮಾನದಲ್ಲೂ ಪಾಲುದಾರ, ಈಗಿನವ ಗಿರಾಕಿ. 1996ರ ಮೇ 10ರಂದು ಹಲವರು, ಹಿಂತಿರುಗಬೇಕಾದ ಮಧ್ಯಾಹ್ನ 2 ಗಂಟೆ ದಾಟಿದ ಮೇಲೂ ಮೇಲಕ್ಕೇ ನಡೆದರು. ಸಂಜೆ ಬಿರುಗಾಳಿ ಎದ್ದಿತು. ಸತ್ತ ಎಂಟು ಜನರಲ್ಲಿ ಎರಡು ಕಂಪನಿಗಳ ಮುಖ್ಯಸ್ಥರಾದ ರಾಬ್ ಹಾಲ್, ಸ್ಕಾಟ್ ಫಿಶರ್ ಕೂಡ ಇದ್ದರು.

ಗಿರಾಕಿ ಏರುವ ಮೊದಲೇ ಹಗ್ಗ, ಏಣಿ ಕಟ್ಟಿ, ಹೊರೆ ಸಾಗಿಸುವವರು ಶೆರ್ಪಾಗಳು. 2014ರ ಏಪ್ರಿಲ್ 18ರಂದು ಖುಂಬು ಹಿಮಪಾತದಲ್ಲಿ ಅಂಥ 16 ನೇಪಾಳಿ ಕೆಲಸಗಾರರು ಸತ್ತರು. ಜಾಹೀರಾತಿನ ಫೋಟೊದಲ್ಲಿ ಇವರ ಮುಖ ಅಪರೂಪ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಕೇಳಿ: ಹಿಂತಿರುಗುವ ಗಂಟೆ ಯಾವುದು, ಅದನ್ನು ಹೇಳುವವರು ಯಾರು, ಶೆರ್ಪಾಗಳಿಗೆ ವಿಮೆ ಇದೆಯೇ? ವಸಂತ ಋತುವಿನ ಎವರೆಸ್ಟ್ ಪರವಾನಗಿಗೇ ನೇಪಾಳ 2025ರ ಸೆಪ್ಟೆಂಬರಿನಿಂದ 15,000 ಡಾಲರ್ ಮಾಡಿದೆ. ಉಳಿದದ್ದೆಲ್ಲ ಬೇರೆ.

ಕಲಿಯಲು ಅಷ್ಟು ಬೇಡ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಮೊದಲ ಹಂತದ ತರಬೇತಿ ಇದೆ, ಡಾರ್ಜಿಲಿಂಗಿನಲ್ಲೂ ಇದೆ. ಡಾರ್ಜಿಲಿಂಗಿನ ಸಂಸ್ಥೆ 1954ರಲ್ಲಿ ಶುರುವಾದಾಗ ಅಲ್ಲಿ ತರಬೇತಿಯ ಹೊಣೆ ಹೊತ್ತವರು ತೇನ್‌ಸಿಂಗ್ ಅವರೇ.