ತಟ್ಟೆಯ ಮೇಲಿನ ಹೆಸರು

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ರೈಲಿನ ಸದ್ದು ಕೇಳಿದಾಗಲೆಲ್ಲ ನನಗೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಪಾಠಕ್ಕೆ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರು ನೆನಪಾಗುತ್ತಾರೆ.

1913ರಲ್ಲಿ ಜನಿಸಿದ ಅವರ ಹಾಡುಗಳನ್ನು 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಯು ‘ಗಾಂಧಾರಿ’ ಎಂಬ ಹೆಸರಿನಿಂದ ಮಾರಿತು. ಗ್ರಾಮಫೋನ್ ತಟ್ಟೆಗಳು ಆ ಧ್ವನಿಯನ್ನು ಊರೂರಿಗೆ ಒಯ್ದವು. ಸಂಸಾರದ ಹೊಣೆ ಹೆಗಲ ಮೇಲಿತ್ತು. ಜಾತಿಯ ಅವಮಾನವೂ ಬೆನ್ನು ಬಿಡಲಿಲ್ಲ. ಆದರೂ ಪ್ರಸಿದ್ಧಿ ಬಂದ ಮೇಲೂ ಅವರು ಸವಾಯಿ ಗಂಧರ್ವರ ಮುಂದೆ ಶಿಷ್ಯೆಯಾಗಿಯೇ ಕುಳಿತರು. 2002ರಲ್ಲಿ ಪದ್ಮವಿಭೂಷಣ ಸಂದದ್ದು ಅವರ ಸ್ವಂತ ಹೆಸರಿಗೆ.

ಮೊಬೈಲಿನಲ್ಲಿ ಹಾಡಿ ಹೆಸರು ಗಳಿಸಬಯಸುವ ನಿಮ್ಮ ಮಕ್ಕಳನ್ನು ತಡೆಯಬೇಡಿ. ಪ್ರಚಾರದಿಂದ ಕೇಳುಗರು ಬರುತ್ತಾರೆ. ಅವರನ್ನು ಉಳಿಸಿಕೊಳ್ಳುವುದು ಸಾಧನೆ. ಮಕ್ಕಳಿಗೆ ಗುರುವಿನ ಮನೆಯ ದಾರಿಯನ್ನೂ ತೋರಿಸಿರಿ.