ಮರುಳ್ಗಳ ನಗೆ: ರಕ್ತಪಾಯಿಗಳ ಕಥೆಗಳಲ್ಲಿ ಭಯಾನಕ ಹಾಸ್ಯಗಳ ಸಂಬಂಧ

ಹಾಸ್ಯಕ್ಕೂ ಭಯಾನಕಕ್ಕೂ ವಿರೋಧವೆಂಬುದು ಅಲಂಕಾರಶಾಸ್ತ್ರದಲ್ಲಿ ಪ್ರಸಿದ್ಧವಾದ ಮಾತು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ರಸಗಳ ಪರಸ್ಪರ ವಿರೋಧವನ್ನು ಎಣಿಸುವಲ್ಲಿ ಹಾಸ್ಯಕ್ಕೆ ಭಯಾನಕ ಕರುಣಗಳೆರಡನ್ನೂ ವಿರೋಧಿಗಳೆಂದು ಹೇಳಿದ್ದಾನೆ. ನಡುಗುವವನು ನಗಲಾರನು, ನಗುವವನು ನಡುಗಲಾರನು ಎಂಬುದೇ ಇದರ ತಾತ್ಪರ್ಯ. ಆದರೆ ಲಕ್ಷ್ಯಗ್ರಂಥಗಳನ್ನು ನೋಡಿದರೆ, ಹೆಣ, ರಕ್ತ, ಪಿಶಾಚಗಳ ನಡುವೆಯೇ ನಗೆಯೂ ಹುಟ್ಟಿರುವ ನಿದರ್ಶನಗಳು ಅಲ್ಪವಲ್ಲ. ಈ ಕೂಟವು ಪಾಶ್ಚಾತ್ಯ ಚಲಚ್ಚಿತ್ರಗಳಿಂದ ನಮ್ಮಲ್ಲಿಗೆ ಬಂದ ಹೊಸ ರುಚಿಯೆಂಬ ಭಾವನೆ ಸಾಮಾನ್ಯವಾಗಿರುವುದರಿಂದ, ಅದರ ಪೂರ್ವೋತ್ತರವನ್ನು ವಿಚಾರಿಸುವುದು ಅವಶ್ಯವಾಗಿದೆ. ಕೃಷ್ಣಾ ಭೀಮಾ ನದಿಗಳ ನಡುವಣ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಾಡಿಗೂ ಅದರ ನೆರೆಗೂ ಈ ವಿಷಯದಲ್ಲಿ ವಿಶೇಷವಾದ ಸಂಬಂಧವಿದೆ.

೧

ಪಶ್ಚಿಮದಲ್ಲಿ ರಕ್ತ ಹೀರುವ ಪ್ರೇತದ ಕಥೆಗೆ ಸ್ಥಿರವಾದ ರೂಪವನ್ನು ಕೊಟ್ಟದ್ದು ಬ್ರಾಮ್ ಸ್ಟೋಕರನ ‘ಡ್ರಾಕ್ಯುಲಾ’ ಕಾದಂಬರಿ. ಅದು ೧೮೯೭ರಲ್ಲಿ ಪ್ರಕಟವಾಯಿತು. ೧೯೨೨ರ ‘ನೊಸ್ಫೆರಾಟು’ ಎಂಬ ಜರ್ಮನಿಯ ಮೂಕಚಿತ್ರದಲ್ಲಿ ಈ ವಸ್ತು ಶುದ್ಧ ಭಯಾನಕವಾಗಿಯೇ ಉಳಿದಿತ್ತು. ೧೯೪೮ರಲ್ಲಿ ಅಬಟ್ ಮತ್ತು ಕಾಸ್ಟೆಲೋ ಎಂಬ ವಿನೋದಗಾರರ ಚಿತ್ರದಲ್ಲಿ ಡ್ರಾಕ್ಯುಲನು ನಗೆಯ ನಡುವೆ ಬಂದು ನಿಂತನು. ಈ ಮಾರ್ಗದಲ್ಲಿ ಪ್ರೌಢವಾದುದು ೧೯೬೭ರಲ್ಲಿ ರೋಮನ್ ಪೊಲನ್ಸ್ಕಿ ನಿರ್ದೇಶಿಸಿದ ‘ಡ್ಯಾನ್ಸ್ ಆಫ್ ದ ವ್ಯಾಂಪೈರ್ಸ್’ ಎಂಬ ಚಿತ್ರ.

ಇದರ ಕಥೆ ಸರಳವಾದುದು. ಅಬ್ರಾನ್ಸಿಯಸ್ ಎಂಬ ವೃದ್ಧ ಪಂಡಿತನು ಆಲ್ಫ್ರೆಡ್ ಎಂಬ ಪುಕ್ಕಲು ಶಿಷ್ಯನೊಡನೆ ರಕ್ತಪಾಯಿಗಳನ್ನು ನಾಶಮಾಡಲು ಹಿಮದ ನಾಡಿಗೆ ಬರುತ್ತಾನೆ. ಅಲ್ಲಿಯ ವಸತಿಗೃಹದವನ ಮಗಳನ್ನು ಪ್ರೇತರೂಪಿಯಾದ ಪ್ರಭುವೊಬ್ಬನು ಅಪಹರಿಸುತ್ತಾನೆ. ಯೆಹೂದ್ಯನಾದ ಆ ವಸತಿಗೃಹದವನು ತಾನೂ ರಕ್ತಪಾಯಿಯಾದ ಮೇಲೆ, ತನ್ನ ಮುಂದೆ ಶಿಲುಬೆಯನ್ನು ಹಿಡಿದರೆ ಅಂಜುವುದಿಲ್ಲ, ನಗುತ್ತಾನೆ. ಕೋಟೆಯ ನರ್ತನದಲ್ಲಿ ನೂರಾರು ಪ್ರೇತಗಳು ಕುಣಿಯುತ್ತಿರಲು, ಕನ್ನಡಿಯಲ್ಲಿ ಪಂಡಿತ, ಶಿಷ್ಯ, ಕನ್ಯೆ ಈ ಮೂವರ ಬಿಂಬ ಮಾತ್ರ ಕಾಣಿಸಿ ಗುಟ್ಟು ಹೊರಬೀಳುತ್ತದೆ. ಮೂವರೂ ತಪ್ಪಿಸಿಕೊಂಡು ಹಿಮಬಂಡಿಯಲ್ಲಿ ಓಡುತ್ತಾರೆ. ಆದರೆ ಕನ್ಯೆ ಅಷ್ಟರೊಳಗೆ ರಕ್ತಪಾಯಿಯಾಗಿದ್ದಾಳೆ. ಬಂಡಿಯ ಹಿಂಭಾಗದಲ್ಲಿ ಶಿಷ್ಯನ ಕೊರಳನ್ನು ಕಚ್ಚುತ್ತಾಳೆ. ಹಿಂದೆ ತಿರುಗಿ ನೋಡದ ಪಂಡಿತನು, ಯಾವ ಕೇಡನ್ನು ಅಳಿಸಲು ಬಂದನೋ ಅದನ್ನೇ ಲೋಕಕ್ಕೆಲ್ಲ ಒಯ್ದು ಹಂಚುತ್ತಾನೆ. ಪ್ರೇತಕ್ಕಿಂತ ಪ್ರೇತವನ್ನು ಅರಿತೆನೆಂಬವನ ಅಜ್ಞಾನವೇ ಇಲ್ಲಿ ಹೆಚ್ಚು ಹಾಸ್ಯಾಸ್ಪದವಾದುದು, ಹೆಚ್ಚು ಭಯಂಕರವಾದುದು. ಚಿತ್ರದ ಮಧ್ಯಭಾಗದ ಓಟ ಬೀಳಾಟಗಳು ಕೆಲವೆಡೆ ಬೇಸರವನ್ನುಂಟುಮಾಡಿದರೂ ಈ ಮುಗಿತಾಯದಿಂದ ಅದಕ್ಕೆ ಅರ್ಥಗೌರವ ಬಂದಿದೆ.

ಇದರೊಡನೆ ಹೋಲಿಸಬೇಕಾದ ಭಾರತೀಯ ಕಥೆಯೆಂದರೆ ಬೇತಾಳ ಪಂಚವಿಂಶತಿಕೆ. ೧೮೭೦ರಲ್ಲಿ ರಿಚರ್ಡ್ ಬರ್ಟನ್ನನು ಈ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಬೇತಾಳವನ್ನು ‘ವ್ಯಾಂಪೈರ್’ ಎಂದೇ ಕರೆದನು. ಈ ಅನುವಾದ ಪೂರ್ಣವಾಗಿ ಒಪ್ಪತಕ್ಕದ್ದಲ್ಲ. ಪಶ್ಚಿಮದ ರಕ್ತಪಾಯಿ ತನ್ನ ಹೆಣದಲ್ಲಿಯೇ ಎದ್ದು ನಡೆಯುತ್ತಾನೆ. ಬೇತಾಳವು ಪರರ ಹೆಣವನ್ನು ಹೊಕ್ಕು ಮಾತನಾಡುತ್ತದೆ. ಒಬ್ಬನದು ಬಾಯಾರಿಕೆ, ಮತ್ತೊಂದರದು ವಾಚಾಳತೆ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಭಿಕ್ಷುವೊಬ್ಬನ ಮಾತಿಗೆ ಕಟ್ಟುಬಿದ್ದ ತ್ರಿವಿಕ್ರಮಸೇನನು ಮಸಣದ ಮರದಿಂದ ಹೆಣವನ್ನಿಳಿಸಿ ಹೊತ್ತು ತರುತ್ತಾನೆ. ಹೆಣದೊಳಗಿನ ಬೇತಾಳವು ಕಥೆ ಹೇಳಿ ಒಗಟೊಡ್ಡುತ್ತದೆ. ರಾಜನು ಉತ್ತರ ಕೊಟ್ಟೊಡನೆ ಮರಕ್ಕೆ ಹಾರುತ್ತದೆ. ರಾಜನ ಜಾಣತನವೇ ಅವನ ಶ್ರಮಕ್ಕೆ ಕಾರಣವಾಗುವ ಈ ಆಟದಲ್ಲಿ ನಗೆಯಿದೆ. ಕೊನೆಗೆ, ರಾಜನನ್ನೇ ಬಲಿಗೊಡಲು ಭಿಕ್ಷುವು ಹವಣಿಸಿರುವುದನ್ನು ಬೇತಾಳವು ತಿಳಿಸುತ್ತದೆ. ಸಾಷ್ಟಾಂಗವೆರಗುವ ರೀತಿಯನ್ನು ತೋರಿಸೆಂದು ಕೇಳಿ ರಾಜನು ಭಿಕ್ಷುವಿನ ತಲೆಯನ್ನೇ ಕಡಿಯುತ್ತಾನೆ. ಭಯಂಕರವಾಗಿ ಕಂಡದ್ದು ಹಿತಕಾರಿ. ಪೂಜ್ಯನಾಗಿ ಕಂಡವನು ರಕ್ತಾಕಾಂಕ್ಷಿ. ಈ ವಿಪರ್ಯಾಸವೇ ನಮ್ಮ ಸಂಪ್ರದಾಯದಲ್ಲಿ ಭಯಾನಕವನ್ನೂ ಹಾಸ್ಯವನ್ನೂ ಕೂಡಿಸುವ ಸೂತ್ರವೆಂಬುದು ಮುಂದಿನ ನಿದರ್ಶನಗಳಿಂದ ವ್ಯಕ್ತವಾಗುವುದು.

೨

ಬಾಗೇವಾಡಿ ಮುದ್ದೇಬಿಹಾಳಗಳ ನೆರೆಯಲ್ಲಿರುವ ಮುಧೋಳವು ಪೂರ್ವದ ಮುದುವೊಳಲು. ಕವಿರತ್ನ ರನ್ನನ ಜನ್ಮಸ್ಥಳ. ೧೯೪೮ರವರೆಗೆ ಸಂಸ್ಥಾನವಾಗಿದ್ದ ಈ ಊರು ಬಳಿಕ ಬಿಜಾಪುರ ಜಿಲ್ಲೆಗೆ ಸೇರಿ, ೧೯೯೭ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಚಾಳುಕ್ಯ ಚಕ್ರವರ್ತಿ ತೈಲಪನ ಮತ್ತು ಅವನ ಮಗ ಸತ್ಯಾಶ್ರಯನ ಆಶ್ರಯದಲ್ಲಿದ್ದು, ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಸಾಹಸಭೀಮವಿಜಯವೆಂಬ ಗದಾಯುದ್ಧವನ್ನು ರಚಿಸಿದನು.

ಈ ಕಾವ್ಯದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ದುರ್ಯೋಧನನು ಸಂಜಯನೊಡನೆ ಭೀಷ್ಮನನ್ನು ಕಾಣಲು ಕೊಳುಗುಳದ ನಡುವೆ ನಡೆದುಹೋಗುತ್ತಾನೆ. ನೆತ್ತರನ್ನು ಕುಡಿದು ಮಾಂಸವನ್ನು ತಿಂದು ಸೊಕ್ಕಿದ ಮರುಳ್ಗಳು ಅವನನ್ನು ಹಾಸ್ಯಮಾಡುತ್ತವೆ. ಹಳಗನ್ನಡದಲ್ಲಿ ‘ಮರುಳ್’ ಎಂಬ ಶಬ್ದಕ್ಕೆ ಪಿಶಾಚವೆಂದೂ ಬುದ್ಧಿಗೆಟ್ಟವನೆಂದೂ ಎರಡರ್ಥ. ಈ ಶ್ಲೇಷವನ್ನು ಹಿಡಿದು, ನಿಜವಾದ ಮರುಳು ಯಾರು, ಹೆಣ ತಿನ್ನುವ ನಾವೋ, ಇಷ್ಟು ಹೆಣಗಳನ್ನು ಉರುಳಿಸಿದ ನೀನೋ ಎಂಬ ಪ್ರಶ್ನೆ ಆ ಪ್ರಸಂಗದಿಂದ ಏಳುತ್ತದೆ. ಇಂದಿನ ಆಡುನುಡಿಯಲ್ಲಿ ‘ಅರಳುಮರುಳು’ ಎಂಬಲ್ಲಿ ಎರಡನೆಯ ಅರ್ಥ ಮಾತ್ರ ಉಳಿದಿರುವುದರಿಂದ, ಮೊದಲನೆಯದನ್ನು ಅರಿಯದ ವಿದ್ಯಾರ್ಥಿಗೆ ಈ ಪ್ರಸಂಗದ ಸ್ವಾರಸ್ಯ ತಪ್ಪಿಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ರಣರಂಗದ ವರ್ಣನೆಯಲ್ಲಿ ಪಿಶಾಚಗಳನ್ನು ತರುವುದು ಕವಿಸಮಯ. ಅದರಿಂದ ವಿಶೇಷಾರ್ಥವನ್ನು ತೆಗೆಯುವುದು ಸರಿಯಲ್ಲವೆಂದು ಹೇಳಬಹುದು. ತಮಿಳಿನ ಜಯಂಗೊಂಡಾರನ ಕಲಿಂಗತ್ತುಪ್ಪರಣಿಯನ್ನು ಇದರೊಡನಿಟ್ಟು ನೋಡಿದರೆ ಉತ್ತರ ದೊರೆಯುತ್ತದೆ. ಮೊದಲನೆಯ ಕುಲೋತ್ತುಂಗ ಚೋಳನ ಕಲಿಂಗ ವಿಜಯವನ್ನು ಹಾಡುವ ಆ ಕಾವ್ಯದಲ್ಲಿ ಪೇಯ್‌ಗಳು ರಣಭೂಮಿಯಲ್ಲಿ ಅಂಬಲಿ ಬೇಯಿಸಿ, ಬಡಿಸಿ, ಉಂಡು, ಕೊನೆಗೆ ಚೋಳನನ್ನು ಹರಸುತ್ತವೆ. ಅಲ್ಲಿಯ ನಗೆ ಗೆದ್ದವನ ಊಳಿಗದಲ್ಲಿದೆ. ರನ್ನನ ಮರುಳ್ಗಳಿಗೆ ಹರಸುವ ಕೆಲಸವಿಲ್ಲ. ಅವು ಸೋತವನ ಎದುರು ನಿಂತು ಮಾತನಾಡುತ್ತವೆ. ಆ ಮಾತನ್ನು ಕೇಳಿಯೂ ಅವನು ಛಲ ಬಿಡದೆ ಮುನ್ನಡೆಯುತ್ತಾನೆ. ನಗೆಗೀಡಾದ ದುರ್ಯೋಧನನು ಅದರಿಂದ ಸಣ್ಣವನಾಗುವುದಿಲ್ಲ. ಬಳಿಕ ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ದೇಹಗಳ ಬಳಿ ಅವನು ಮರುಗುವಾಗ ಕರುಣವು ಇನ್ನೂ ತೀವ್ರವಾಗುತ್ತದೆ. ವಿಶ್ವನಾಥನು ವಿರೋಧಿಗಳೆಂದು ಹೇಳಿದ ಹಾಸ್ಯ, ಭಯಾನಕ, ಕರುಣಗಳು ಮೂರೂ ಇಲ್ಲಿ ಒಂದರ ಬೆನ್ನಿಗೆ ಒಂದು ನಿಂತಿವೆ.

ಮತ್ತೊಂದು ಸಂಗತಿಯನ್ನು ಗಮನಿಸಬೇಕು. ದುಶ್ಶಾಸನನ ರಕ್ತವನ್ನು ಕುಡಿದವನು ಭೀಮನು. ಕವಿಯ ಒಡೆಯನೇ ಭೀಮನು. ರಕ್ತಪಾನವು ಮರುಳ್ಗಳಿಗೆ ಜಾತಿಸಹಜ, ಮನುಷ್ಯನಿಗೆ ಪ್ರತಿಜ್ಞೆಯ ಫಲ. ರನ್ನನು ಯುದ್ಧವನ್ನು ನಿಂದಿಸಿದನೆಂದು ಹೇಳಲು ಆಧಾರ ಸಾಲದು. ಅವನ ಕಾವ್ಯ ವೀರರಸದ್ದು. ಆದರೂ ಕಣ್ಣೆದುರಿನ ಅನರ್ಥವನ್ನು ಇದ್ದಂತೆ ಹೇಳುವ ನಾಲಗೆಯನ್ನು ಅವನು ಮಂತ್ರಿಗಾಗಲಿ ಪುರೋಹಿತನಿಗಾಗಲಿ ಕೊಡದೆ ಹೆಣ ತಿನ್ನುವ ಮರುಳಿಗೆ ಕೊಟ್ಟನೆಂಬುದು ವಿಚಾರಾರ್ಹವಾಗಿದೆ.

ಮುದ್ದೇಬಿಹಾಳದ ಕಡೆ ನೋಡಿದರೆ ಈ ಪ್ರಶ್ನೆ ಕಾವ್ಯದಿಂದ ಇತಿಹಾಸಕ್ಕೆ ಬರುತ್ತದೆ. ೧೫೬೫ರ ಜನವರಿಯಲ್ಲಿ ರಾಮರಾಯನ ಶಿರಚ್ಛೇದದೊಡನೆ ಮುಗಿದ ಮಹಾಯುದ್ಧಕ್ಕೆ ಹೆಸರಾದ ತಾಳಿಕೋಟೆಯೂ, ಕೃಷ್ಣೆಯ ದಡದ ರಕ್ಕಸಗಿ ತಂಗಡಗಿಗಳೂ ಈ ಪ್ರಾಂತದವೇ. ಯುದ್ಧಸ್ಥಳವು ಇಂಥದೇ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಚರ್ಚೆಯುಂಟು. ‘ರಕ್ಕಸಗಿ’ ಎಂಬ ಹೆಸರಿನಲ್ಲಿ ರಕ್ಕಸ ಶಬ್ದವನ್ನು ಕೇಳಿ ಅದರ ಸುತ್ತ ಕಥೆ ಕಟ್ಟುವುದು ಸುಲಭ. ಆದರೆ ಅದು ಸಂಶೋಧನೆಯಲ್ಲ. ಅಲ್ಲಿ ರಕ್ತ ಹರಿಸಲು ರಕ್ಕಸರು ಬೇಕಾಗಿರಲಿಲ್ಲವೆಂಬುದಷ್ಟೇ ಇತಿಹಾಸದ ಮಾತು.

೩

ರಣದ ರಕ್ತವು ಒಂದು ಬಗೆ, ಗುಡಿಯ ರಕ್ತವು ಇನ್ನೊಂದು ಬಗೆ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಎತ್ತಿಕೊಂಡದ್ದು ಎರಡನೆಯದನ್ನು. ಹಾಳು ದಿಬ್ಬ, ದಾರಿ, ಕೆರೆ, ಬಾವಿ, ಮರಗಳಲ್ಲಿ ನೆಲೆಸಿ ಜನರನ್ನು ಅಂಜಿಸಿ ಬಲಿ ಬೇಡುವ ಕಿರುದೈವಗಳನ್ನು ಅವರ ವಚನಗಳು ನಗೆಯಿಂದಲೇ ಎದುರಿಸಿವೆ. ಹರಕೆಗೆಂದು ತಂದ ಕುರಿಯನ್ನು ಕುರಿತ ಅವರ ವಚನವು ಪ್ರಸಿದ್ಧವಾದುದು. ತನ್ನನ್ನು ಕೊಲ್ಲುವರೆಂಬುದನ್ನರಿಯದ ಕುರಿ, ಅದೇ ಹಬ್ಬದ ತೋರಣಕ್ಕಾಗಿ ತಂದ ತಳಿರನ್ನು ಮೇಯುತ್ತದೆ. ಈ ಚಿತ್ರದಲ್ಲಿ ಮೊದಲು ನಗೆ ಬರುತ್ತದೆ. ಮರುಕ್ಷಣವೇ ಆ ನಗೆ ಗಂಟಲಲ್ಲಿ ನಿಲ್ಲುತ್ತದೆ. ಕೊಂದವರು ಉಳಿದರೇ ಎಂಬ ಪ್ರಶ್ನೆಯೊಡನೆ ಭಯವು ಕುರಿಯಿಂದ ಮನುಷ್ಯನ ಕಡೆಗೆ ತಿರುಗುತ್ತದೆ. ಇಲ್ಲಿ ದೆವ್ವವಿಲ್ಲ, ಮಸಣವಿಲ್ಲ. ಹಬ್ಬದ ಮನೆಯೇ ಭಯಾನಕಕ್ಕೆ ಆಲಂಬನವಾಗಿದೆ.

ಇದು ಪರರ ನಾಡಿನ ಚಿತ್ರವೂ ಅಲ್ಲ. ಬಾಗೇವಾಡಿ ಸಿಂದಗಿಗಳ ಬಯಲಿನಲ್ಲಿ ಕುರಿಯೆಂದರೆ ಮನೆಯ ಐಶ್ವರ್ಯ. ಸಿಂದಗಿ ಸೀಮೆಯ ಗೊಲ್ಲಾಳನೆಂಬ ಕುರುಬ ಶರಣನು ಕುರಿಯ ಹಿಕ್ಕೆಯಲ್ಲಿಯೇ ಲಿಂಗವನ್ನು ಕಂಡನೆಂದು ಪರಂಪರೆ ಹೇಳುತ್ತದೆ. ಗೊಲಗೇರಿಯು ಅವನ ಕ್ಷೇತ್ರ. ಒಂದೇ ಪ್ರಾಣಿಯನ್ನು ಕುರಿತು ಒಂದು ಕಡೆ ರಕ್ತದ ಹರಕೆ, ಇನ್ನೊಂದು ಕಡೆ ರಕ್ತವಿಲ್ಲದ ಪೂಜೆ. ಶರಣರ ಬಳಗದಲ್ಲಿ ‘ಮರುಳ’ ಎಂಬ ಶಬ್ದವೂ ಬಣ್ಣ ಬದಲಿಸಿತು. ರಣರಂಗದ ಪಿಶಾಚವನ್ನು ಸೂಚಿಸುತ್ತಿದ್ದ ಹೆಸರು ಮರುಳಶಂಕರದೇವ, ಮರುಳಸಿದ್ಧ ಎಂಬ ಪೂಜ್ಯನಾಮಗಳಲ್ಲಿ ಸೇರಿ, ಲೋಕಕ್ಕೆ ಮರುಳಾಗಿ ಕಂಡು ಶಿವನಿಗೆ ಜಾಣನಾದವನನ್ನು ತಿಳಿಸಿತು.

೧೨೦೯ರಲ್ಲಿ ಜನ್ನನು ಯಶೋಧರ ಚರಿತೆಯನ್ನು ಬರೆದಾಗ ಈ ವಿಚಾರವೇ ಜೈನಮಾರ್ಗದಿಂದ ಬಂದಿತು. ಚಂಡಮಾರಿಯ ಗುಡಿಯ ವರ್ಣನೆ ಭಯಾನಕ ಬೀಭತ್ಸಗಳ ಶಿಖರ. ಕೊಲೆಗೆ ಹೇಸಿದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ; ಕಡಿದಾಗ ಹಿಟ್ಟಿನ ಕೋಳಿಯೂ ಕೂಗುತ್ತದೆ. ಹಿಟ್ಟಿನ ಕೋಳಿಯೆಂಬುದು ನಗೆಗೆ ತಕ್ಕ ವಸ್ತು. ಅದು ಕೂಗಿದೊಡನೆ ನಗೆ ಅಳಿದು, ಸಂಕಲ್ಪಮಾತ್ರದ ಹಿಂಸೆಗೂ ಭವಭವಗಳ ಫಲವುಂಟೆಂಬ ಭಯ ಉಳಿಯುತ್ತದೆ.

ಬೇತಾಳನ ಧಾರೆಯೂ ಕನ್ನಡದಲ್ಲಿ ಬತ್ತಲಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ ನಾಟಕವು, ತಲೆಗಳು ಅದಲುಬದಲಾದ ಬೇತಾಳ ಕಥೆಯಿಂದಲೂ ಅದನ್ನು ಬೆಳೆಸಿದ ಥಾಮಸ್ ಮಾನನ ೧೯೪೦ರ ಕೃತಿಯಿಂದಲೂ ವಸ್ತುವನ್ನು ಪಡೆದಿದೆ. ಅದರಲ್ಲಿ ಇಬ್ಬರು ಗೆಳೆಯರು ಕಾಳಿಯ ಮುಂದೆ ತಲೆ ಕಡಿದುಕೊಂಡು ಬಿದ್ದಿರಲು, ಪ್ರತ್ಯಕ್ಷಳಾದ ದೇವಿ ಆಕಳಿಸುತ್ತಾಳೆ. ರಕ್ತವನ್ನು ಬೇಡಿದವಳು ದೇವಿಯಲ್ಲ. ತ್ಯಾಗದ ಹೆಸರಿನಲ್ಲಿ ಸುಳ್ಳಾಡಿದವರು ಮನುಷ್ಯರು ಎಂಬುದನ್ನು ಆ ಒಂದು ಆಕಳಿಕೆ ತೋರಿಸಿಬಿಡುತ್ತದೆ.

೪

ಮೇಲಿನ ನಿದರ್ಶನಗಳಿಂದ ಎರಡು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದು: ಭಯಾನಕ ಹಾಸ್ಯಗಳ ಕೂಟವು ಕನ್ನಡಕ್ಕೆ ಹೊಸದಲ್ಲ, ಚಲಚ್ಚಿತ್ರ ಹುಟ್ಟುವುದಕ್ಕೆ ಒಂಬೈನೂರು ವರ್ಷಗಳ ಹಿಂದೆಯೇ ರನ್ನನಲ್ಲಿ ಅದು ಪರಿಪಕ್ವವಾಗಿತ್ತು. ಎರಡನೆಯದು: ಪಶ್ಚಿಮದ ಕಥೆಯಲ್ಲಿ ರಕ್ತಪಾಯಿಯು ಹೊರಗಿನಿಂದ ಬರುವ ಶತ್ರು, ಇಲ್ಲಿ ಪರಿಶೀಲಿಸಿದ ಕಥೆಗಳಲ್ಲಿ ಅವನನ್ನು ಹುಡುಕುತ್ತ ಹೋದರೆ ಭಿಕ್ಷು, ಅರಸು, ಹರಕೆ ಹೊತ್ತ ಗೃಹಸ್ಥ ಇವರ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ. ಪೊಲನ್ಸ್ಕಿಯ ಚಿತ್ರದ ಕೊನೆಯು ಈ ಎರಡನೆಯ ಮಾರ್ಗಕ್ಕೆ ಸಮೀಪವಾದುದರಿಂದಲೇ ಅದು ಇಲ್ಲಿಯ ಸಹೃದಯರಿಗೆ ಪರಕೀಯವೆನಿಸುವುದಿಲ್ಲ.

ಈ ವಿಚಾರಕ್ಕೆ ಗ್ರಂಥಗಳ ಹೊರಗೂ ಪ್ರಯೋಜನವಿದೆ. ದೆವ್ವ ಹಿಡಿಯಿತು, ಗಾಳಿ ಸೋಂಕಿತು ಎಂದು ರೋಗಿಯನ್ನು, ಅದರಲ್ಲಿಯೂ ಹೆಂಗಸರನ್ನು, ಕಟ್ಟಿ ಬಡಿಯುವ ಕ್ರೌರ್ಯವನ್ನು ತಡೆಯಲು ಕರ್ನಾಟಕದಲ್ಲಿ ೨೦೧೭ರಲ್ಲಿ ಶಾಸನವಾಗಿ, ೨೦೨೦ರಲ್ಲಿ ಜಾರಿಗೆ ಬರಬೇಕಾಯಿತು. ದೆವ್ವದಿಂದ ಸತ್ತವರನ್ನು ತೋರಿಸಲಾಗದು. ದೆವ್ವ ಬಿಡಿಸುವವನಿಂದ ನೊಂದವರನ್ನು ತೋರಿಸಬಹುದು. ಬೇತಾಳವು ರಾಜನಿಗೆ ಹೇಳಿದ ಗುಟ್ಟೂ ಇದೇ.

ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ, ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟವಾಗುವಂತೆ ಮಾಡಿದರು. ಆ ಸಂಗ್ರಹದಿಂದ ಬೀಸುಕಲ್ಲಿನ ಮುಂದಿನ ದುಃಖ ಸಂತೋಷಗಳಿಗೆ ಸಾಹಿತ್ಯದಲ್ಲಿ ಸ್ಥಾನ ದೊರೆಯಿತು. ಇರುಳು ಹೊತ್ತು ಕಟ್ಟೆಯ ಮೇಲೆ ಹೇಳುವ ದೆವ್ವದ ಕಥೆಗಳನ್ನೂ, ದೆವ್ವವನ್ನು ಮೋಸಗೊಳಿಸಿದ ಜಾಣರ ಕಥೆಗಳನ್ನೂ ಈ ನಾಲ್ಕು ತಾಲ್ಲೂಕುಗಳಲ್ಲಿ ಅದೇ ಶ್ರದ್ಧೆಯಿಂದ ಕಲೆಹಾಕುವುದು ಯೋಗ್ಯವಾದ ಕಾರ್ಯ. ಶಾಲೆ ಕಾಲೇಜುಗಳಲ್ಲಿ ಗದಾಯುದ್ಧವನ್ನು ಬೋಧಿಸುವವರು ದುರ್ಯೋಧನನ ವಿಲಾಪದೊಡನೆ ಮರುಳ್ಗಳ ಮಾತನ್ನೂ ಬಿಡದೆ ಓದಿಸಿದರೆ, ಅಂಜಿಕೆಯನ್ನು ನಗೆಯಿಂದ ಪರೀಕ್ಷಿಸುವ ಅಭ್ಯಾಸವು ಕನ್ನಡಕ್ಕೆ ಎಷ್ಟು ಹಳೆಯದೆಂಬುದು ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುವುದು.