ಕಟ್ಟೆಯ ಮಾತು, ಕೇರಿಯ ಮಾತು

ನಮ್ಮ ಚಿಕ್ಕೇರೂರಿನಲ್ಲಿ ಕಲ್ಲುಗಳು ಮಾತಾಡುತ್ತವೆ ಅಂತ ಶಾಲೆಯಲ್ಲಿ ಮಾಸ್ತರರು ಹೇಳುತ್ತಿದ್ದರು. ಸುಳ್ಳಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಬನಶಂಕರಿ ಗುಡಿ ಇದೆ, ಶಾಸನಗಳಿವೆ. ದಾನಶಾಸನಗಳ ರೀತಿ ಓದಿದವರಿಗೆಲ್ಲ ಗೊತ್ತಿದ್ದದ್ದೇ. ಮೊದಲು ಅರಸನ ಬಿರುದುಗಳು, ಆಮೇಲೆ ದಾನ ಕೊಟ್ಟವನ ಹೊಗಳಿಕೆ, ಎಷ್ಟು ಮತ್ತರು ಭೂಮಿ, ಅದರ ಗಡಿ ಎಲ್ಲಿಂದೆಲ್ಲಿಗೆ, ಕೊನೆಗೆ ದಾನ ಕೆಡಿಸಿದವನಿಗೆ ಕವಿಲೆ ಕೊಂದ ಪಾಪ. ಆ ಭೂಮಿಯಲ್ಲಿ ಬೆನ್ನು ಬಗ್ಗಿಸಿದವರ ಹೆಸರನ್ನು ನಾವು ಓದಿದ ಶಾಸನಗಳಲ್ಲಿ ಹುಡುಕಿದೆವು. ಸಿಗಲಿಲ್ಲ.

ಹಾಗಾದರೆ ನಮ್ಮವರು ಮಾತೇ ಆಡಲಿಲ್ಲವೆ? ಆಡಿದರು. ಕಳೆ ಕೀಳುವಾಗ ಆಡಿದರು, ರಾಶಿ ಮಾಡುವಾಗ ಆಡಿದರು, ರಾತ್ರಿ ಒಲೆಯ ಮುಂದೆ ಕೂತು ಆಡಿದರು. ಆ ಮಾತು ಕೇರಿಯಲ್ಲಿ ಹುಟ್ಟಿತು, ಕೇರಿಯಲ್ಲೇ ಸತ್ತಿತು. ಅದು ಸತ್ತದ್ದು ಹೇಗೆ, ಬದುಕಿ ಉಳಿದಾಗ ಏನಾಯಿತು ಅನ್ನುವುದನ್ನು ಇಲ್ಲಿ ನೋಡೋಣ.

ನಮ್ಮ ಕಡೆಯ ಯಾವ ಊರಿಗೆ ಹೋದರೂ ನಡುವೆ ಒಂದು ಕಟ್ಟೆ ಇರುತ್ತದೆ. ಸಂಜೆಯಾದರೆ ಅಲ್ಲಿ ಮಳೆ, ಗೋವಿನಜೋಳದ ದರ, ಚುನಾವಣೆ, ಯಾರ ಮಗ ಎಲ್ಲಿ ನೌಕರಿ ಹಿಡಿದ, ಎಲ್ಲ ಚರ್ಚೆಯಾಗುತ್ತದೆ. 'ಈಗೆಲ್ಲೈತ್ರೀ ಜಾತಿ? ಎಲ್ಲಾ ಹೋತು' ಅನ್ನುವ ತೀರ್ಪೂ ಅಲ್ಲೇ ಬರುತ್ತದೆ. ಕಟ್ಟೆಯ ಮೇಲೆ ಕೂತವನ ಹತ್ತಿರ ಇರುವುದು ಅಭಿಪ್ರಾಯ. ಅದಕ್ಕೆ 'ಊರ ಮಾತು' ಅಂತ ಹೆಸರು. ಕೇರಿಯವನ ಹತ್ತಿರ ಇರುವುದು ಅನುಭವ. ಅದನ್ನು ಬಾಯಿ ಬಿಟ್ಟು ಹೇಳಿದರೆ 'ತಕರಾರು'. ಇದು ಇಂದು ನಿನ್ನೆಯ ವ್ಯವಸ್ಥೆಯಲ್ಲ.

ಆಡುಮಾತನ್ನೇ ಸಾಹಿತ್ಯ ಮಾಡಿದ ನೆಲ ಇದು ಅನ್ನುವುದನ್ನು ಮರೆಯಬಾರದು. ಸರ್ವಜ್ಞನ ಅಬಲೂರು ನಮ್ಮ ಹಿರೇಕೆರೂರು ತಾಲ್ಲೂಕಿನದೇ. ದೋಣಿ ನಡೆಸುವ ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ ಇದೇ ಜಿಲ್ಲೆಯಲ್ಲಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡುತ್ತಿದ್ದ ಜಾಗಕ್ಕೆ ಅನುಭವ ಮಂಟಪ ಅಂತ ಹೆಸರು ಉಳಿದಿದೆ. ಶಾಸ್ತ್ರ ಮಂಟಪ ಅನ್ನಲಿಲ್ಲ, ಅನುಭವ ಅಂದರು. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆಯಂಥ ಹೊಲೆಯರ ಹೆಣ್ಣುಮಗಳು ಮಾತಾಡಿದಳು, ಆಕೆಯ ಮಾತನ್ನು ಓಲೆಯ ಮೇಲೆ ಬರೆದುಕೊಂಡರು. ಬರೆದುಕೊಂಡಿದ್ದಕ್ಕೇ ಆಕೆ ಇಂದು ನಮಗೆ ಸಿಕ್ಕಿದ್ದಾಳೆ.

ಅಲ್ಲಿಂದ ನೇರವಾಗಿ 1856ಕ್ಕೆ ಬರೋಣ. ಆಗ ನಮ್ಮೂರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆ ವರ್ಷದ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗನ ಅರ್ಜಿ ಮುಂಬಯಿ ಸರ್ಕಾರದ ಮುಂದೆ ಹೋಯಿತು. ಸರ್ಕಾರ ಜುಲೈನಲ್ಲಿ ಉತ್ತರ ಬರೆಯಿತು. ಅದರ ತಾತ್ಪರ್ಯ ಇಷ್ಟು: ನ್ಯಾಯ ಹುಡುಗನ ಕಡೆಗಿದೆ, ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ಪೂರ್ವಗ್ರಹದ ಮೇಲೆ ಕೈ ಮಾಡಿದರೆ ವಿದ್ಯಾಭ್ಯಾಸದ ಕೆಲಸಕ್ಕೇ ಪೆಟ್ಟು ಬೀಳುತ್ತದೆ. ಹುಡುಗನಿಗೆ ಶಾಲೆ ಸಿಗಲಿಲ್ಲ.

ಗೆಳೆಯರೆ, 'ನಿನ್ನ ಮಾತು ಖರೇ, ಆದ್ರ ಈಗ ಬ್ಯಾಡ' ಅನ್ನುವ ಕಟ್ಟೆಯ ಮಾತೂ ಈ ಸರ್ಕಾರಿ ಕಾಗದವೂ ಒಂದೇ ಅಲ್ಲವೆ?

ಆದರೆ ಅರ್ಜಿ ಸಾಯಲಿಲ್ಲ. ಕಾಗದದ ಮೇಲೆ ಇತ್ತಲ್ಲ! ಹಿಂದುಸ್ತಾನದ ಸರ್ಕಾರ ಮುಂಬಯಿಯವರನ್ನು ಕೇಳಿತು. ವಿಷಯ ವಿಲಾಯತಿಯಲ್ಲಿದ್ದ ಕಂಪನಿಯ ನಿರ್ದೇಶಕರ ತನಕ ಹೋಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಅವರು 1858ರಲ್ಲಿ ಬರೆದರು. ಆ ಮಾತು ನಮ್ಮ ಹಳ್ಳಿಗಳ ಶಾಲೆಯ ಹೊಸ್ತಿಲು ದಾಟಲಿಕ್ಕೆ ಇನ್ನೂ ಎಷ್ಟೋ ದಶಕ ಬೇಕಾಯಿತು. ಅದು ಬೇರೆ ಕತೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ನಮ್ಮವರ ವಿದ್ಯಾಭ್ಯಾಸದ ಸ್ಥಿತಿಯನ್ನು ಇಡುವಾಗ ಬಾಬಾಸಾಹೇಬ ಅಂಬೇಡ್ಕರರು ಇದೇ ಧಾರವಾಡದ ಹುಡುಗನ ಪ್ರಕರಣವನ್ನು ಎತ್ತಿ ತೋರಿಸಿದರು. ಮರುವರ್ಷ 1929ರಲ್ಲಿ ಅದೇ ಧಾರವಾಡದಲ್ಲಿ ನಮ್ಮ ಹುಡುಗರಿಗಾಗಿ ವಸತಿನಿಲಯ ತೆರೆದರು. ಆ ಹುಡುಗನ ಹೆಸರನ್ನು ಮಾತ್ರ ನಾವು ಓದಿದ ಯಾವ ಪುಸ್ತಕವೂ ಹೇಳುವುದಿಲ್ಲ. ಎಲ್ಲ ಕಡೆ ಅವನು ಬರೀ 'ಮಹಾರ ಹುಡುಗ'. ಜಾತಿಯನ್ನು ಬರೆದುಕೊಂಡ ಇತಿಹಾಸ ಹೆಸರನ್ನು ಬಿಟ್ಟಿತು.

ಬಾಬಾಸಾಹೇಬರೂ ತಮ್ಮ ಮೇಲೆ ನಡೆದದ್ದನ್ನು ಬರೆದಿಟ್ಟರು. 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಸಣ್ಣ ಬರಹ ಅದು. ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. 1901ರಲ್ಲಿ ಅಪ್ಪನನ್ನು ನೋಡಲಿಕ್ಕೆ ಹೊರಟ ಮಕ್ಕಳು ಮಸೂರ್ ಸ್ಟೇಶನ್ನಿನಲ್ಲಿ ಇಳಿಯುತ್ತಾರೆ. ನಮ್ಮ ಸರ್ವಜ್ಞನ ಮಾಸೂರಲ್ಲ, ಇದು ಸಾತಾರಾ ಕಡೆಯದು. ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೆ ಸ್ಟೇಶನ್ ಮಾಸ್ತರನ ಮುಖ ಬದಲಾಗುತ್ತದೆ. ಚಕ್ಕಡಿಯವನು ಎರಡು ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಅದೂ ಮಕ್ಕಳೇ ಎತ್ತು ಹೊಡೆಯಬೇಕು, ತಾನು ಮಗ್ಗುಲಲ್ಲಿ ನಡೆದು ಬರುತ್ತೇನೆ ಅನ್ನುವ ಕರಾರಿನ ಮೇಲೆ. ದಾರಿಯಲ್ಲಿ ಬುತ್ತಿ ಇದೆ, ಕುಡಿಯಲಿಕ್ಕೆ ನೀರಿಲ್ಲ. ಬಾಬಾಸಾಹೇಬರು ಅದರಲ್ಲಿ ಘೋಷಣೆ ಕೂಗುವುದಿಲ್ಲ. ಎಲ್ಲಿ, ಯಾವಾಗ, ಯಾರು ಏನಂದರು ಅಂತ ಬರೆಯುತ್ತಾರೆ. ಅಷ್ಟೇ ಸಾಕಾಗುತ್ತದೆ.

ನಮ್ಮ ಕರ್ನಾಟಕದಲ್ಲಿ 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಅಂದಾಗ ಎಷ್ಟು ಗಲಾಟೆ! ಮಂತ್ರಿಗಿರಿಯೇ ಹೋಯಿತು. ಆ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು, 1979ರಲ್ಲಿ ಬಂಡಾಯ ಸಂಘಟನೆ ಬಂತು. 'ಪಂಚಮ'ದಂಥ ಪತ್ರಿಕೆಗಳ ಪುಟದಲ್ಲಿ ಕೇರಿಯ ಮಾತಿಗೆ ಜಾಗ ಸಿಕ್ಕಿತು. 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದಾಗ ನಮ್ಮ ಬಾಲ್ಯವೂ ಬರೆಯುವಂಥದ್ದು ಅಂತ ಎಷ್ಟೋ ಮಂದಿಗೆ ಗೊತ್ತಾಯಿತು.

ಇನ್ನು ನಮ್ಮ ಕಾಲದ ಮಾತು. ಹೆಸರು ಬೇಡ, ನಮ್ಮ ಸುತ್ತಿನ ಒಂದು ಊರು. ಡಿಗ್ರಿ ಮುಗಿಸಿದ ನಾವು ನಾಲ್ವರು ಚಾದಂಗಡಿಗೆ ಹೋದೆವು. ಮೂವರು ಕೇರಿಯವರು, ಒಬ್ಬ ಊರವನು. ಊರ ಗೆಳೆಯನಿಗೆ ಗಾಜಿನ ಗಿಲಾಸಿನಲ್ಲಿ ಚಾ ಬಂತು, ನಮಗೆ ಕಾಗದದ ಕಪ್ಪಿನಲ್ಲಿ. ಕುಡಿದೆವು. ದುಡ್ಡು ಕೊಟ್ಟೆವು. ಎದ್ದು ಬಂದೆವು. ಅವನೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇವೆ.

ಮರುದಿನ ಕಟ್ಟೆಯಲ್ಲಿ ಹೇಳಿದರೆ, 'ಗಿಲಾಸು ತೊಳದಿರಲಿಕ್ಕಿಲ್ಲ ಬಿಡ್ರೋ' ಅಂದರು. ನಮಗೂ ಕ್ಷಣ ಅನುಮಾನ ಬಂತು. ಇದ್ದರೂ ಇರಬಹುದು! ಆ ವಾರ ಕೇರಿಯಲ್ಲಿ ಕೂತು ಅದೇ ಮಾತು ತೆಗೆದೆವು. ಒಬ್ಬ 'ನನಗೂ' ಅಂದ. ಇನ್ನೊಬ್ಬ 'ಮೂರು ವರ್ಷಾತು, ನಾ ಆ ಅಂಗಡಿಗೆ ಹೋಗೂದ ಬಿಟ್ಟೀನಿ' ಅಂದ. ಎಣಿಸಿದರೆ ಏಳು ಮಂದಿ. ಒಬ್ಬನ ಅನುಭವವನ್ನು ತಪ್ಪು ತಿಳುವಳಿಕೆ ಅನ್ನಬಹುದು. ಏಳು ಮಂದಿಯ ಅನುಭವವನ್ನು ಒಂದೇ ಕಾಗದದ ಮೇಲೆ ಬರೆದರೆ ಹಾಗನ್ನಲಿಕ್ಕೆ ಬರುವುದಿಲ್ಲ. ಎಂಬತ್ತು ಪುಟದ ಒಂದು ನೋಟುಬುಕ್ಕು ತಂದು ಬರೆದೆವು.

ಬರೆಯುತ್ತಿದ್ದಾಗ ನಮ್ಮಜ್ಜಿ ಬಾಗಿಲಾಚೆ ನಿಂತಿದ್ದಳು. ಹೌದು, ಬಾಗಿಲಾಚೆ. ಊರ ಕಟ್ಟೆಯನ್ನು ಬೈಯುವ ನಾವು ನಮ್ಮ ಕೂಟಕ್ಕೆ ನಮ್ಮ ಹೆಂಗಸರನ್ನೇ ಕರೆದಿರಲಿಲ್ಲ. ಕಾಳವ್ವೆಯ ಹೆಸರು ಹೇಳುವ ಬಾಯಿ ಅವ್ವನನ್ನು ಕೂಡು ಅನ್ನಲಿಲ್ಲ. ಅಜ್ಜಿಯನ್ನು ಒಳಗೆ ಕರೆದು ಕೇಳಿದೆವು. 'ಅದನ್ನೇನ್ ಬರಕೋತೀರೋ ತಮ್ಮಾ, ಅದೇನ್ ದೊಡ್ಡ ಸುದ್ದಿ?' ಅಂದಳು. ಆಮೇಲೆ ಹೇಳಿದಳು. ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಲ್ಲಬೇಕಿತ್ತಂತೆ. ಸೇದುವವರು ಮನಸ್ಸು ಬಂದರೆ ಎತ್ತರದಿಂದ ನೀರು ಹೊಯ್ಯುತ್ತಿದ್ದರಂತೆ. ಒಂದು ದಿನ ಹೊತ್ತು ನೆತ್ತಿಗೇರಿದರೂ ಯಾರೂ ಹೊಯ್ಯಲಿಲ್ಲ. ಬರಿ ಕೊಡ ಹೊತ್ತು ಬಂದಳು. ಯಾವಾಗ ಅಂದರೆ, 'ನಿಮ್ಮಪ್ಪ ಹೊಟ್ಟ್ಯಾಗಿದ್ದ' ಅಂದಳು.

ಅಪ್ಪನ ಶಾಲೆಯ ದಾಖಲೆ ತೆಗೆದು ನೋಡಿದೆವು. ಹುಟ್ಟಿದ್ದು 1972. ಸಾರ್ವಜನಿಕ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನುವ ಬೋಲೆಯವರ ಠರಾವು ಮುಂಬಯಿ ಶಾಸನಸಭೆಯಲ್ಲಿ ಪಾಸಾದದ್ದು 1923ರಲ್ಲಿ. ಅಸ್ಪೃಶ್ಯತೆಯನ್ನು ಅಪರಾಧ ಮಾಡಿದ ಕಾಯ್ದೆ ಬಂದದ್ದು 1955ರಲ್ಲಿ. ಕಾಯ್ದೆಗೆ ಹದಿನೇಳು ವರ್ಷ ತುಂಬುವ ಹೊತ್ತಿಗೂ ನಮ್ಮಜ್ಜಿಯ ಕೊಡ ತುಂಬಿರಲಿಲ್ಲ. ಇದು ಯಾವ ಇತಿಹಾಸದ ಪುಸ್ತಕದಲ್ಲೂ ಇಲ್ಲ. ನಮ್ಮ ನೋಟುಬುಕ್ಕಿನಲ್ಲಿದೆ.

ಹಳ್ಳಿಯ ಮಾಸ್ತರರಲ್ಲಿ, ಕಾಲೇಜಿನ ಗೆಳೆಯರಲ್ಲಿ ನಮ್ಮ ಬಿನ್ನಹ ಒಂದೇ. ಕೇರಿಯ ಮಾತನ್ನು ಕೇಳಿಸಿಕೊಳ್ಳಿ, ಬರೆದುಕೊಳ್ಳಿ. ಆವೇಶ ಆಮೇಲೆ ಇರಲಿ, ಮೊದಲು ವರ್ಷ, ಜಾಗ, ಜೊತೆಗಿದ್ದವರು ಯಾರು ಅನ್ನುವುದಿರಲಿ. ಅವ್ವಂದಿರಿಂದ ಶುರುಮಾಡಿ. ಹೆಸರು ಬಿಡಬೇಡಿ. ಅವರು ಬೇಡ ಅಂದರೆ ಮಾತ್ರ ಬಿಡಿ.

ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆವು. ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಅಂದಳು: 'ಮಣ್ಣಿನ ಕೊಡ ಅಂತ ಬರದೀರಲ್ಲ, ಅದು ಹಿತ್ತಾಳೀದು. ತವರ್‍ಮನಿಂದ ತಂದಿದ್ದೆ. ಅದನ್ನ ಸರಿ ಮಾಡಿ ಬರೀರಿ.'

ಸರಿ ಮಾಡಿ ಬರೆದಿದ್ದೇವೆ.